ಹೆಸರನ್ನು ಬಿಟ್ಟ ನದಿ, ಪೀಠವನ್ನು ಬಿಡದ ನಾಯಕ

ನಂಜನಗೂಡನ್ನು ಬಳಸಿ ಹರಿಯುವ ಕಪಿಲೆಯು ಟಿ. ನರಸೀಪುರದ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಸಂಗಮದಿಂದಾಚೆಗೆ ಅವಳ ಹೆಸರಿಲ್ಲ, ನೀರು ಮಾತ್ರ ಇದೆ. ಆ ನೀರಿನಿಂದ ಬೆಳೆ ಬೆಳೆಯುವ ರೈತನಿಗೆ ಹೆಸರು ಹೋದುದರಿಂದ ಯಾವ ನಷ್ಟವೂ ಆಗಿಲ್ಲ.

ಬಲಿಷ್ಠ ನಾಯಕನೊಬ್ಬನು ಚಿರಕಾಲ ಪೀಠದಲ್ಲಿದ್ದರೆ ಮಾತ್ರ ದೇಶವು ಒಡೆಯದೆ ಉಳಿದೀತೆಂಬ ಮಾತು ನಮ್ಮ ಮನೆಯ ಜಗಲಿಗಳಲ್ಲಿಯೂ ಬಸದಿಯ ಅಂಗಳಗಳಲ್ಲಿಯೂ ಕೇಳಿಬರುತ್ತಿದೆ. ಈ ಮಾತು ಹೊಸದೇನಲ್ಲ. ಪರಕೀಯರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಆಫ್ರಿಕಾದ ಹಲವು ರಾಷ್ಟ್ರಗಳು ಇದನ್ನು ನಂಬಿ ಕೆಟ್ಟವು. 1965ರಲ್ಲಿ ಸೇನಾಬಲದಿಂದ ಕಾಂಗೋ ದೇಶದ ಅಧಿಕಾರ ಹಿಡಿದ ಮೊಬುಟು, ಏಕತೆಯ ಹೆಸರಿನಲ್ಲಿ ಏಕಪಕ್ಷವನ್ನು ಹೇರಿದರು. 1971ರಲ್ಲಿ ದೇಶಕ್ಕೆ ಜೈರೆ ಎಂಬ ಹೊಸ ಹೆಸರನ್ನೇ ಇಟ್ಟರು. 1997ರಲ್ಲಿ ಅವರು ಓಡಿಹೋದಾಗ ಉಳಿದದ್ದು ಏಕತೆಯಲ್ಲ, ಅಂತರ್ಯುದ್ಧ. ಉಗಾಂಡದಲ್ಲಿ ಇದಿ ಅಮೀನ್ 1972ರಲ್ಲಿ ಏಷ್ಯಾ ಮೂಲದವರಿಗೆ ದೇಶ ತೊರೆಯಲು 90 ದಿನಗಳ ಗಡುವು ವಿಧಿಸಿದರು. ಅಂದು ಬರಿಗೈಯಲ್ಲಿ ಹೊರಟವರಲ್ಲಿ ಗುಜರಾತಿನ ಜೈನ ಕುಟುಂಬಗಳೂ ಇದ್ದವು.

ಇದಕ್ಕೆ ಪ್ರತಿಯಾಗಿ ಟಾಂಜಾನಿಯಾವನ್ನು ನೋಡಬೇಕು. ಜೂಲಿಯಸ್ ನೈರೇರೆ ತಮ್ಮ ಬುಡಕಟ್ಟಿನ ನುಡಿಯನ್ನು ಮುಂದೆ ಮಾಡದೆ, ಎಲ್ಲರಿಗೂ ಸಮಾನವಾದ ಸ್ವಾಹಿಲಿಯನ್ನು ರಾಷ್ಟ್ರದ ನುಡಿಯಾಗಿಸಿದರು. 1985ರಲ್ಲಿ ಸ್ವಯಂ ಇಚ್ಛೆಯಿಂದ ಅಧ್ಯಕ್ಷ ಪದವಿಯನ್ನು ತ್ಯಜಿಸಿದರು. ಅವರೂ ದೋಷರಹಿತರಲ್ಲ. ಏಕಪಕ್ಷದ ಆಡಳಿತವನ್ನೇ ನಡೆಸಿದರು, ರೈತರನ್ನು ಬಲವಂತದಿಂದ ಹೊಸ ಗ್ರಾಮಗಳಿಗೆ ಸಾಗಿಸಿದರು. ಆದರೆ ಅವರು ಪೀಠ ಬಿಟ್ಟ ಮೇಲೆ ದೇಶ ಒಡೆಯಲಿಲ್ಲ. 1992ರಲ್ಲಿ ಬಹುಪಕ್ಷ ಪದ್ಧತಿ ಬಂದಾಗಲೂ ಒಡೆಯಲಿಲ್ಲ.

ದೂರದ ದೃಷ್ಟಾಂತವೇಕೆ? ನಮ್ಮ ನಾಡಿನ ಏಕೀಕರಣವನ್ನೇ ಸ್ಮರಿಸೋಣ. ನಾಡು ಒಂದಾದರೆ ಹಳೆಯ ಮೈಸೂರಿನ ಹಿಡಿತ ಸಡಿಲವಾದೀತೆಂಬ ಆತಂಕ ಇಲ್ಲಿಯ ರಾಜಕಾರಣದಲ್ಲಿ ಪ್ರಬಲವಾಗಿತ್ತು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಸ್ವಜನರ ವಿರೋಧವನ್ನು ಲೆಕ್ಕಿಸದೆ ಏಕೀಕರಣದ ಪರವಾಗಿ ನಿಂತರು. ಪಕ್ಷದೊಳಗಿನ ಭಿನ್ನಮತದಿಂದ 1956ರ ಆಗಸ್ಟ್‌ನಲ್ಲಿ ಅವರ ಅಧಿಕಾರ ಹೋಯಿತು. ನವೆಂಬರ್ 1ರಂದು ಉದಯಿಸಿದ ವಿಶಾಲ ರಾಜ್ಯಕ್ಕೆ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು, ಹಿಂದೆ ಅರಸರಾಗಿದ್ದ ಜಯಚಾಮರಾಜ ಒಡೆಯರು ರಾಜ್ಯಪಾಲರಾದರು. 1973ರ ನವೆಂಬರ್ 1ರಂದು ರಾಜ್ಯವು ಮೈಸೂರೆಂಬ ಹೆಸರನ್ನೂ ಬಿಟ್ಟು ಕರ್ನಾಟಕವಾಯಿತು. ಮೊಬುಟು ಹೆಸರನ್ನು ಹೇರಿದರು. ನಾವು ಹೆಸರನ್ನು ಬಿಟ್ಟೆವು. ಉಳಿದದ್ದು ಯಾವುದೆಂದು ಇತಿಹಾಸವೇ ಹೇಳುತ್ತಿದೆ.

ಆದರೆ ನಕ್ಷೆಯ ಏಕತೆಯೇ ಜನರ ಏಕತೆಯಲ್ಲ. ನಂಜನಗೂಡು ತಾಲ್ಲೂಕಿನ ಬದನವಾಳು, 1927ರಲ್ಲಿ ಗಾಂಧೀಜಿ ಬಂದುಹೋದ ಖಾದಿಯ ಊರು. ಅದೇ ಊರಿನಲ್ಲಿ ದೇವಾಲಯ ಪ್ರವೇಶದ ವಿವಾದ ಬೆಳೆದು 1993ರ ಮಾರ್ಚ್‌ನಲ್ಲಿ ಮೂವರು ದಲಿತರ ಕೊಲೆಯಾಯಿತು. ಎರಡು ಕೇರಿಗಳ ನಡುವೆ ಮುಚ್ಚಿದ್ದ ದಾರಿ ತೆರೆದದ್ದು 2022ರ ಅಕ್ಟೋಬರ್‌ನಲ್ಲಿ. ದೇವರ ಬಾಗಿಲು ತಮಗೇ ಮೀಸಲೆಂಬ ಹಟಕ್ಕೂ ಪೀಠ ಬಿಡದ ನಾಯಕನ ಹಟಕ್ಕೂ ಮೂಲ ಒಂದೇ. ಆಚಾರ್ಯ ಉಮಾಸ್ವಾಮಿಗಳು ಮಮತ್ವವನ್ನೇ ಪರಿಗ್ರಹವೆಂದರು. ಹಣವೊಂದೇ ಪರಿಗ್ರಹವಲ್ಲ, ಅಧಿಕಾರವೂ ಪರಿಗ್ರಹ, ಕುಲದ ಹೆಮ್ಮೆಯೂ ಪರಿಗ್ರಹ.

ಶ್ರಾವಕ ಬಂಧುಗಳೇ, ದೇಶದ ನಾಯಕರನ್ನು ಅಳೆಯುವ ಮುನ್ನ ನಮ್ಮ ಟ್ರಸ್ಟುಗಳನ್ನು ಅಳೆದುಕೊಳ್ಳೋಣ. ಒಂದೇ ಮನೆಯವರ ಕೈಯಲ್ಲಿ ತಲೆಮಾರುಗಳ ಕಾಲ ಬೀಗದ ಕೈ ಉಳಿದಿರುವ ಬಸದಿಗಳು ಎಷ್ಟಿಲ್ಲ? ನಾವಿಲ್ಲದಿದ್ದರೆ ಸಮಾಜ ಒಡೆದೀತೆಂದು ಅಲ್ಲಿಯೂ ಹೇಳಲಾಗುತ್ತದೆ. ಒಬ್ಬನು ಎದ್ದುಹೋದರೆ ಒಡೆಯುವ ಸಮಾಜ ಅವನು ಕುಳಿತಿರುವಾಗಲೇ ಒಡೆದಿರುತ್ತದೆ. ಅವಧಿ ಮುಗಿದೊಡನೆ ಬೀಗದ ಕೈಯನ್ನು ಮುಂದಿನವರಿಗೆ ಒಪ್ಪಿಸುವವನೇ ನಿಜವಾದ ನಾಯಕ. ಕಪಿಲೆಯು ನಿತ್ಯವೂ ಮಾಡುತ್ತಿರುವುದನ್ನು ನಾವು ಒಮ್ಮೆಯಾದರೂ ಮಾಡಬಾರದೇ?