ಹೆಸರಿಲ್ಲದ ಚೆಲುವೆಯರು

ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ‘ಬಿಜಿನ್-ಗ’, ಎಂದರೆ ಸುಂದರಿಯರ ಚಿತ್ರ, ಒಂದು ಸ್ವತಂತ್ರ ಪ್ರಕಾರ. ಕಿತಗಾವ ಉತಮಾರೊ (ಸು. 1753-1806) ಅದರ ಅಗ್ರಗಣ್ಯ ಕಲಾವಿದ. ಅವನ ಚಿತ್ರಗಳನ್ನು ಸ್ತ್ರೀತ್ವದ ಆರಾಧನೆಯೆಂದು ಕೊಂಡಾಡುವುದು ರೂಢಿ. ಆ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ಸುಮಾರು 1793ರ ‘ಈ ಕಾಲದ ಮೂವರು ಸುಂದರಿಯರು’ ಎಂಬ ಚಿತ್ರವನ್ನು ಗಮನಿಸಬಹುದು. ಅದರಲ್ಲಿರುವ ಒಕಿತ ಮತ್ತು ಒಹಿಸ ಎದೊ ನಗರದ ಚಹಾದಂಗಡಿಗಳ ಹುಡುಗಿಯರು; ತೊಯೊಹಿನ ಒಬ್ಬ ಗೇಶಾ. ಮೂಗಿನ ಓರೆ, ಕಣ್ಣಿನ ಅಳತೆಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮುಖದ ಅಚ್ಚು ಒಂದೇ. ಅವರನ್ನು ಗುರುತಿಸಲು ನೆರವಾಗುವುದು ಅವರು ಧರಿಸಿರುವ ಚಿಹ್ನೆಗಳು. ಅಂಗಡಿಗೆ ಗಿರಾಕಿಗಳನ್ನು ಸೆಳೆಯುವ ಜಾಹೀರಾತಿನ ಗುಣವೂ ಇಂತಹ ಚಿತ್ರಗಳಿಗೆ ಇತ್ತೆಂಬುದನ್ನು ಮರೆಯಲಾಗದು.

1793ರಲ್ಲಿಯೇ ಸರ್ಕಾರ ಒಂದು ನಿಷೇಧವನ್ನು ಹೊರಡಿಸಿತು: ಪರವಾನಗಿ ಪಡೆದ ವೇಶ್ಯೆಯರನ್ನುಳಿದು ಬೇರೆ ಹೆಂಗಸರ ಹೆಸರನ್ನು ಚಿತ್ರದಲ್ಲಿ ಮುದ್ರಿಸಕೂಡದು. ಉತಮಾರೊ ಹೆಸರನ್ನು ಚಿತ್ರದೊಗಟಿನಲ್ಲಿ ಅಡಗಿಸಿದ. 1796ರಲ್ಲಿ ಅದೂ ನಿಷಿದ್ಧವಾಯಿತು. ಇನ್ನು ಯೊಶಿವಾರದ ವೇಶ್ಯಾವಾಟದಲ್ಲಿ ಉಳಿದ ಹೆಸರುಗಳಾದರೂ ಯಾರವು? ಬಡ ತಂದೆತಾಯಿಗಳು ಮುಂಗಡ ಹಣ ಪಡೆದು ಕರಾರಿನ ಮೇಲೆ ಒಪ್ಪಿಸಿದ ಹುಡುಗಿಗೆ ಅಲ್ಲಿ ಹೊಸ ಹೆಸರಿಡುತ್ತಿದ್ದರು. ಪ್ರಸಿದ್ಧ ಹೆಸರುಗಳು ಆಯಾ ಮನೆಯ ಸ್ವತ್ತು. ಒಬ್ಬಳ ನಂತರ ಮತ್ತೊಬ್ಬಳಿಗೆ ಸಲ್ಲುತ್ತಿದ್ದವು. ಸ್ವಂತ ಹೆಸರುಳ್ಳವಳ ಹೆಸರನ್ನು ಕಾನೂನು ಅಳಿಸಿತು. ಅದು ಉಳಿಸಿದ ಹೆಸರು ಅದನ್ನು ಹೊತ್ತವಳದಾಗಿರಲಿಲ್ಲ.

ಹಾಗಾದರೆ ನಾನು ಒಪ್ಪುವ ಅರ್ಧ ಯಾವುದು? ಉತಮಾರೊನ ‘ಹಸಿರು ಮನೆಗಳ ಹನ್ನೆರಡು ಹೊತ್ತುಗಳು’ ಮಾಲಿಕೆಯಲ್ಲಿ, ನಡುರಾತ್ರಿ ಕಳೆದ ಎತ್ತಿನ ಹೊತ್ತಿನಲ್ಲಿ, ಒಬ್ಬಳು ನಿದ್ದೆಗಣ್ಣಿನಲ್ಲಿ ಎದ್ದು ನಿಂತಿದ್ದಾಳೆ. ಒಂದು ಕೈಯಲ್ಲಿ ಉರಿಯುವ ಬತ್ತಿ, ಇನ್ನೊಂದರಲ್ಲಿ ಕಾಗದ; ಕಾಲು ಪಾದರಕ್ಷೆಯನ್ನು ಹುಡುಕುತ್ತಿದೆ. ಇಲ್ಲಿ ಗಿರಾಕಿಯಿಲ್ಲ, ಶೃಂಗಾರವಿಲ್ಲ. ಇರುವುದು ದಣಿದ ದೇಹವೊಂದೇ. ಆರಾಧನೆಗಿಂತ ಈ ನೋಟ ದೊಡ್ಡದು. ಆದರೆ ಅದೂ ಮಾರಾಟದ ಸರಕೇ ಆಗಿತ್ತು.

ಯೊಶಿವಾರದಲ್ಲಿ ಸತ್ತು ದಿಕ್ಕಿಲ್ಲದ ಹೆಂಗಸರನ್ನು ಒಯ್ದು ಹಾಕುತ್ತಿದ್ದ ಜೋಕನ್-ಜಿ ದೇಗುಲಕ್ಕೆ ಜನ ‘ಎಸೆಯುವ ಗುಡಿ’ ಎಂದೇ ಹೆಸರಿಟ್ಟಿದ್ದರು. ಚಿತ್ರದ ಅಂಚಿನಲ್ಲಿ ಕಲಾವಿದನ ಸಹಿಯುಂಟು, ಪ್ರಕಾಶಕನ ಮುದ್ರೆಯುಂಟು. ಸೌಂದರ್ಯವನ್ನು ಮೆಚ್ಚುವ ಸಂಶೋಧಕರು ಮೂರನೆಯ ಹೆಸರನ್ನೂ ಕೇಳಬೇಕು. ಉತ್ತರ ಸಿಗದಿರಬಹುದು; ಕೇಳದೆ ಬರೆದ ಸೌಂದರ್ಯಮೀಮಾಂಸೆ ಮಾತ್ರ ಗಿರಾಕಿಯ ಕಣ್ಣಿನದೇ ಆಗಿ ಉಳಿಯುತ್ತದೆ.