ದ್ವೀಪಾಧಿಪತಿಯೂ ದೊರೆಯೂ: ಒಂದು ವಿದ್ಯಾಪರಂಪರೆ ಅಳಿದ ಬಗೆ

ವಿದ್ಯೆ ಬಾಳಬೇಕಾದರೆ ಆಶ್ರಯ ಬೇಕೆಂಬುದು ಎಲ್ಲರೂ ಬಲ್ಲ ಮಾತು. ಆಶ್ರಯವಿತ್ತ ಮನೆಯೇ ಮುರಿದುಬಿದ್ದರೆ ವಿದ್ಯೆಯ ಗತಿಯೇನೆಂಬುದನ್ನು ಮಾತ್ರ ನಾವು ಸಾಮಾನ್ಯವಾಗಿ ಆಲೋಚಿಸುವುದಿಲ್ಲ. ಈ ಪ್ರಶ್ನೆಗೆ ಕಣ್ಣಿಗೆ ಕಟ್ಟುವಂಥ ಉತ್ತರವನ್ನು ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನ ದ್ವೀಪಗಳ ಇತಿಹಾಸವು ಕೊಡುತ್ತದೆ. ಗೇಲಿಕ್ ಭಾಷೆಯನ್ನಾಡುತ್ತಿದ್ದ ಮ್ಯಾಕ್‌ಡೊನಾಲ್ಡ್ ಕುಲದ ನಾಯಕರು ಅಲ್ಲಿ ಒಂದೂವರೆ ಶತಮಾನಕ್ಕೂ ಮಿಕ್ಕು ‘ದ್ವೀಪಾಧಿಪತಿ’ಗಳೆಂಬ ಬಿರುದಿನಿಂದ ಆಳಿ, ಸ್ಕಾಟ್ ಸಿಂಹಾಸನದೊಡನೆ ಸೆಣಸಿ, ಕಡೆಗೆ ಅದರ ಕೈಯಲ್ಲಿಯೇ ಅಳಿದರು. ಅವರ ಕತ್ತಿಯ ಕಥೆಯನ್ನು ಹೇಳಿದವರು ಅನೇಕರು. ಆ ಮನೆಯನ್ನು ನೆಮ್ಮಿದ್ದ ವಿದ್ಯೆಯ ಕಥೆ ವಿದ್ಯಾಸಂಸ್ಥೆಯೊಂದರ ಸಂಚಿಕೆಗೆ ಹೆಚ್ಚು ತಕ್ಕುದೆಂದು ನನ್ನ ಭಾವನೆ.

ಈ ವಂಶದ ಮೂಲಪುರುಷನಾದ ಸೋಮರ್ಲೆಡನು 1164ರಲ್ಲಿ ಸ್ಕಾಟ್ ದೊರೆಯ ಮೇಲೆ ದಂಡೆತ್ತಿ ಹೋಗಿ ರೆನ್‌ಫ್ರೂ ಬಳಿಯಲ್ಲಿ ಮಡಿದನು. ಅಂದು ದ್ವೀಪಗಳ ಮೇಲೆ ನಾರ್ವೆಯ ಅರಸರಿಗೆ ಹಕ್ಕಿತ್ತು. 1266ರ ಪರ್ತ್ ಒಪ್ಪಂದದಿಂದ ಆ ಹಕ್ಕು ಸ್ಕಾಟ್ ದೊರೆಗೆ ಸಂದಿತು. ಮುಂದೆ ಇದೇ ವಂಶದ ಆಂಗಸ್ ಓಗನು ರಾಬರ್ಟ್ ಬ್ರೂಸನ ಪಕ್ಷವನ್ನು ಹಿಡಿದು ನೆಲವನ್ನು ಸಂಪಾದಿಸಿದನು. ಅವನ ಮಗ ಜಾನನು 1336ರ ವೇಳೆಗೆ ತನ್ನನ್ನು ದ್ವೀಪಾಧಿಪತಿಯೆಂದು ಕರೆದುಕೊಂಡನಲ್ಲದೆ, ಮುಂದೆ ರಾಜನಾದ ರಾಬರ್ಟ್ ಸ್ಟೂವರ್ಟನ ಮಗಳನ್ನು ವರಿಸಿದನು. ನಮ್ಮ ಇತಿಹಾಸದ ಮಾತಿನಲ್ಲಿ ಹೇಳುವುದಾದರೆ ಈತನೊಬ್ಬ ಮಹಾಮಂಡಲೇಶ್ವರ. ಹೆಸರಿಗೆ ಸಾಮಂತ, ತನ್ನ ಕಡಲಿನಲ್ಲಿ ಮಾತ್ರ ತಾನೇ ದೊರೆ.

ಈ ಪ್ರಭುತ್ವಕ್ಕೆ ಆಧಾರ ಯಾವುದು? ಹುಟ್ಟುಹಾಕಿ ನಡೆಸುವ ಯುದ್ಧನೌಕೆಗಳು ಒಂದು ಆಧಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದಕ್ಕೂ ಗಟ್ಟಿಯಾದ ಆಧಾರವೊಂದು ಐಲಾ ದ್ವೀಪದ ಫಿನ್‌ಲಾಗನ್ ಸರೋವರದಲ್ಲಿತ್ತು. ಆ ಸರೋವರದ ನಡುವೆ ಎರಡು ಪುಟ್ಟ ನಡುಗಡ್ಡೆಗಳು. ದೊಡ್ಡದರಲ್ಲಿ ಅಧಿಪತಿಯ ಅರಮನೆ, ಚಿಕ್ಕದರಲ್ಲಿ ಮಂತ್ರಾಲೋಚನೆಯ ಸಭೆ. ಆ ಸಭೆಗೆ 14 ಮಂದಿ ಸದಸ್ಯರಿದ್ದರೆಂದು 1549ರಲ್ಲಿ ದ್ವೀಪಗಳ ವಿವರಣೆಯನ್ನು ಬರೆದ ಡೊನಾಲ್ಡ್ ಮನ್ರೋ ತಿಳಿಸುತ್ತಾನೆ. ಪಟ್ಟಾಭಿಷೇಕದ ಕ್ರಮವನ್ನು 17ನೆಯ ಶತಮಾನದ ಕುಲಚರಿತ್ರೆಯೊಂದು ವರ್ಣಿಸಿದೆ. ಹೊಸ ಅಧಿಪತಿಯು ಕಲ್ಲಿನಲ್ಲಿ ಕೊರೆದ ಹೆಜ್ಜೆಯ ಗುರುತಿನಲ್ಲಿ ತನ್ನ ಪಾದವನ್ನಿಡಬೇಕು. ಹಿರಿಯರ ಹೆಜ್ಜೆಯಲ್ಲಿ ನಡೆಯುವೆನೆಂಬುದು ಅದರ ಅರ್ಥ. ನಿಷ್ಕಪಟವಾದ ಹೃದಯದ ಕುರುಹಾಗಿ ಬಿಳಿಯ ವಸ್ತ್ರವನ್ನುಡಬೇಕು. ಪಕ್ಷಪಾತವಿಲ್ಲದೆ ವಿವೇಕದಿಂದ ಆಳುವೆನೆಂಬುದಕ್ಕೆ ಬಿಳಿಯ ಕೋಲನ್ನು ಹಿಡಿಯಬೇಕು. ಪೂರ್ವಜರ ಖಡ್ಗ ಕೈಗೆ ಬರುವುದು ಇವೆಲ್ಲದರ ತರುವಾಯ. ಸಮಾರಂಭವು ಮುಗಿದ ಮೇಲೆ ಆ ಬಿಳಿಯ ವಸ್ತ್ರವು ಆಸ್ಥಾನ ಕವಿಗೆ ಹಕ್ಕಿನಿಂದ ಸಲ್ಲುತ್ತಿತ್ತಂತೆ. ಪ್ರಭುವಿನ ಶುದ್ಧಿಗೆ ಕವಿಯೇ ಒಡೆಯ, ಅವನೇ ಸಾಕ್ಷಿ ಎಂಬ ಭಾವನೆ ಎಷ್ಟು ಉದಾತ್ತವಾದುದು!

ಕವಿಯಷ್ಟೇ ಅಲ್ಲ, ವೈದ್ಯನಿಗೂ ನ್ಯಾಯಜ್ಞನಿಗೂ ಆ ಆಸ್ಥಾನದಲ್ಲಿ ವಂಶಪಾರಂಪರ್ಯವಾದ ಸ್ಥಾನವಿತ್ತು. ಬೀಟನ್ ಮನೆತನದವರು ಅರಬ್ಬಿ ಮತ್ತು ಗ್ರೀಕ್ ವೈದ್ಯಶಾಸ್ತ್ರವನ್ನು ಲ್ಯಾಟಿನ್ನಿನ ಮೂಲಕ ಗೇಲಿಕ್ಕಿಗೆ ತಂದುಕೊಂಡಿದ್ದ ವೈದ್ಯರು. ಮ್ಯಾಕ್‌ವುರಿಕ್ ಮನೆತನದವರು ಕವಿಗಳು, ವಂಶಾವಳಿಕಾರರು. 1408ರಲ್ಲಿ ಅಧಿಪತಿ ಡೊನಾಲ್ಡನು ಐಲಾ ದ್ವೀಪದಲ್ಲಿ ಭೂದಾನ ಮಾಡಿದಾಗ ಬರೆಯಿಸಿದ ಗೇಲಿಕ್ ಶಾಸನಪತ್ರವು ಎಡಿನ್‌ಬರೋದ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿ ಇಂದಿಗೂ ಉಳಿದಿದೆ. ಇತರ ಪ್ರಭುಗಳು ಲ್ಯಾಟಿನ್ನನ್ನೋ ಸ್ಕಾಟ್ಸ್ ನುಡಿಯನ್ನೋ ಬಳಸುತ್ತಿದ್ದ ವ್ಯವಹಾರಕ್ಕೆ ತಾಯ್ನುಡಿಯೂ ಸಲ್ಲುವುದೆಂಬುದಕ್ಕೆ ಆ ಒಂದು ಚರ್ಮಪತ್ರವೇ ಪ್ರಮಾಣ.

ಇನ್ನು ದೊರೆಯೊಡನೆ ನಡೆದ ಪೈಪೋಟಿ. ಪತ್ನಿಯ ಕಡೆಯಿಂದ ರಾಸ್ ಪ್ರಾಂತ್ಯವು ತನಗೆ ಸಲ್ಲಬೇಕೆಂದು ಡೊನಾಲ್ಡನು 1411ರ ಜುಲೈ 24ರಂದು ಹಾರ್‌ಲಾ ಎಂಬಲ್ಲಿ ಕಾದಿದನು. ಅಂದು ಸೈನ್ಯವನ್ನು ಹುರಿದುಂಬಿಸಲು ವರ್ಣಮಾಲೆಯ ಅಕ್ಷರಕ್ರಮದಲ್ಲಿ ಕಟ್ಟಿದ ಪದ್ಯವೊಂದು ಮ್ಯಾಕ್‌ವುರಿಕ್ ಕವಿಯ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಡೊನಾಲ್ಡನ ಮಗ ಅಲೆಕ್ಸಾಂಡರನನ್ನು 1428ರಲ್ಲಿ ಒಂದನೆಯ ಜೇಮ್ಸ್ ದೊರೆಯು ಇನ್ವರ್ನೆಸ್ಸಿಗೆ ಕರೆಯಿಸಿ ಸೆರೆಹಿಡಿದನು. ಬಿಡುಗಡೆಯಾದವನು ಮರುವರ್ಷ ಅದೇ ಪಟ್ಟಣವನ್ನು ಸುಟ್ಟನು. ಸೋತು, ಒಳಉಡುಪಿನಲ್ಲಿಯೇ ಹೋಲಿರೂಡಿನಲ್ಲಿ ದೊರೆಯ ಮುಂದೆ ಶರಣಾದನು. ಅವನು ಸೆರೆಯಲ್ಲಿದ್ದಾಗಲೇ 1431ರಲ್ಲಿ ಅವನ ಬಂಧು ಡೊನಾಲ್ಡ್ ಬಲ್ಲಾಖನು ಇನ್ವರ್‌ಲಾಕಿಯಲ್ಲಿ ರಾಜಸೈನ್ಯವನ್ನು ಮುರಿದನು. ನಾಯಕನನ್ನು ಸೆರೆಯಲ್ಲಿಟ್ಟರೂ ಕುಲ ಕುಸಿಯಲಿಲ್ಲ. ಸಭೆ, ಬಂಧುತ್ವ, ವಿಶ್ವಾಸಗಳು ಗಟ್ಟಿಯಾಗಿದ್ದುದೇ ಇದಕ್ಕೆ ಕಾರಣ.

ಕುಸಿದದ್ದು ಅಲೆಕ್ಸಾಂಡರನ ಮಗ ಜಾನನ ಕಾಲದಲ್ಲಿ. ಅವನು 1462ರಲ್ಲಿ ಇಂಗ್ಲೆಂಡಿನ ನಾಲ್ಕನೆಯ ಎಡ್ವರ್ಡನೊಡನೆ ಒಪ್ಪಂದ ಮಾಡಿಕೊಂಡನು. ಸ್ಕಾಟ್ಲೆಂಡ್ ಇಂಗ್ಲಿಷರ ವಶವಾದರೆ ಫೋರ್ತ್ ನದಿಯಿಂದಾಚೆಯ ನಾಡನ್ನು ಜಾನನೂ ಅವನ ಜೊತೆಗಾರರೂ ಹಂಚಿಕೊಳ್ಳತಕ್ಕದ್ದೆಂಬುದು ಅದರ ತಿರುಳು. ಮುಂದೆ ಇಬ್ಬರು ದೊರೆಗಳೂ ತಮ್ಮಲ್ಲಿ ಸಂಧಿ ಮಾಡಿಕೊಂಡಾಗ ಎಡ್ವರ್ಡನಿಗೆ ಈ ಮಿತ್ರನ ಅಗತ್ಯ ತೀರಿತು. ಜಾನನು 1476ರಲ್ಲಿ ರಾಸ್, ಕಿಂಟೈರ್, ನ್ಯಾಪ್‌ಡೇಲ್‌ಗಳನ್ನು ಬಿಟ್ಟುಕೊಟ್ಟು ಬಿರುದನ್ನು ಉಳಿಸಿಕೊಂಡನು. ಇದನ್ನು ಸಹಿಸದ ಮಗ ಆಂಗಸನು ತಂದೆಯ ವಿರುದ್ಧವೇ ಕತ್ತಿ ಹಿರಿದನು. ಮಲ್ ದ್ವೀಪದ ಬಳಿ ತಂದೆ ಮಕ್ಕಳ ನೌಕೆಗಳು ಕಾದಿದ ಕೊಲ್ಲಿಗೆ ‘ರಕ್ತದ ಕೊಲ್ಲಿ’ಯೆಂದೇ ಹೆಸರಾಯಿತು. 1490ರಲ್ಲಿ ಆಂಗಸನು ಒಬ್ಬ ವೀಣೆಗಾರನ ಕೈಯಲ್ಲಿ ಹತನಾದನು. 1493ರಲ್ಲಿ ನಾಲ್ಕನೆಯ ಜೇಮ್ಸನ ಆಳಿಕೆಯಲ್ಲಿ ಅಧಿಪತ್ಯವು ಮುಟ್ಟುಗೋಲಾಯಿತು. ಇಂದು ದ್ವೀಪಾಧಿಪತಿಯೆಂಬುದು ಬ್ರಿಟನ್ನಿನ ಯುವರಾಜನಿಗಿರುವ ಅನೇಕ ಬಿರುದುಗಳಲ್ಲಿ ಒಂದು.

ಒಂದು ರಾಜ್ಯದಲ್ಲಿ ಇಬ್ಬರು ದೊರೆಗಳಿರಲಾಗದು, ಆದುದು ಒಳ್ಳೆಯದೇ ಆಯಿತು ಎನ್ನುವವರಿದ್ದಾರೆ. ಪರರಾಜನೊಡನೆ ಸೇರಿ ನಾಡನ್ನು ಹಂಚಿಕೊಳ್ಳಹೊರಟವನನ್ನು ನಾನೂ ಸಮರ್ಥಿಸಲಾರೆ. ಆದರೆ ಕೆಡವುವುದು ಬೇರೆ, ಕೆಡವಿದ ಎಡೆಯಲ್ಲಿ ಕಟ್ಟುವುದು ಬೇರೆ. ಸಭೆಯಿಲ್ಲವಾದ ಮೇಲೆ ಕುಲಕುಲಗಳು ಒಂದನ್ನೊಂದು ಇರಿದುಕೊಂಡ ಕಾಲವನ್ನು ಗೇಲಿಕ್ ಜನರು ‘ಸುಲಿಗೆಗಳ ಯುಗ’ವೆಂದು ಇಂದಿಗೂ ನೆನೆಯುತ್ತಾರೆ. ಅದಕ್ಕೆ ರಾಜ್ಯಾಡಳಿತವು ಕಂಡುಕೊಂಡ ಮದ್ದು 1609ರ ಅಯೋನಾ ಕಟ್ಟಳೆಗಳು. 60 ಹಸುಗಳ ಆಸ್ತಿಯುಳ್ಳ ಪ್ರತಿಯೊಬ್ಬನೂ ತನ್ನ ಹಿರಿಯ ಮಗನನ್ನು ತಗ್ಗುನಾಡಿನ ಶಾಲೆಗೆ ಕಳುಹಿಸಿ ಇಂಗ್ಲಿಷನ್ನು ಕಲಿಸಬೇಕು. ಊರೂರು ಸುತ್ತುವ ಕವಿಗಾಯಕರನ್ನು ಅಲೆಮಾರಿಗಳೊಡನೆ ಶಿಕ್ಷಿಸಬೇಕು. 1616ರ ಆಜ್ಞೆಯಂತೂ ಊರಿಗೊಂದು ಶಾಲೆಯನ್ನು ವಿಧಿಸುತ್ತಲೇ ಗೇಲಿಕ್ಕನ್ನು ಬೇರುಸಹಿತ ಕೀಳತಕ್ಕದ್ದೆಂದು ಸಾರಿತು. ಮಕ್ಕಳ ತಾಯ್ನುಡಿಯನ್ನು ಅಳಿಸಲೆಂದೇ ಶಾಲೆಯನ್ನು ತೆರೆಯುವುದು ವಿದ್ಯಾದಾನವಲ್ಲ. ಅದು ಶಾಲೆಯ ವೇಷದ ದಂಡಯಾತ್ರೆ.

ಆದರೂ ದೋಷವನ್ನೆಲ್ಲ ಸಿಂಹಾಸನದ ತಲೆಗೆ ಕಟ್ಟುವುದು ನ್ಯಾಯವಾಗದು. ಆ ವಿದ್ಯೆಯು ಕೆಲವೇ ಮನೆತನಗಳ ಸೊತ್ತಾಗಿತ್ತು. ಆ ಮನೆತನಗಳ ಅನ್ನವು ನಾಯಕನು ಕೊಟ್ಟ ಉಂಬಳಿಯಿಂದ ಬರುತ್ತಿತ್ತು. ಅಧಿಪತ್ಯವು ಅಳಿದ ಮೇಲೆ ಮ್ಯಾಕ್‌ವುರಿಕ್ ಕವಿಗಳು ಕುಲದ ಇನ್ನೊಂದು ಶಾಖೆಯನ್ನು ಆಶ್ರಯಿಸಿ 18ನೆಯ ಶತಮಾನದ ಮೊದಲ ಭಾಗದವರೆಗೆ ದೀಪವನ್ನು ಹೇಗೋ ಕಾಪಾಡಿಕೊಂಡರು. ಬಳಿಕ ಉಂಬಳಿಯೂ ಹೋಯಿತು, ಓದೂ ಹೋಯಿತು. 1800ರಲ್ಲಿ ಆ ವಂಶದ ಲಾಕ್ಲನ್ ಮ್ಯಾಕ್‌ವುರಿಕ್ ಎಂಬವನು ಕೊಟ್ಟ ಹೇಳಿಕೆಯೊಂದಿದೆ. ತಾನು ಆ ಕವಿಪರಂಪರೆಯ 18ನೆಯ ತಲೆಯವನೆಂದು ಎಣಿಸಿದ ಆತನಿಗೆ ಓದುಬರಹ ತಿಳಿಯದು. ಮನೆಯಲ್ಲಿದ್ದ ಚರ್ಮಪತ್ರಗಳಲ್ಲಿ ಕೆಲವನ್ನು ದರ್ಜಿಗಳು ಅಳತೆಪಟ್ಟಿಗಳಿಗಾಗಿ ಕತ್ತರಿಸಿದರೆಂದು ಆತನು ನುಡಿದನು. ಗೆದ್ದಲು ಹಿಡಿದ ಓಲೆಗರಿಯ ಕಟ್ಟನ್ನು ಕೈಯಲ್ಲಿ ಹಿಡಿದು ಕಂಡವರಿಗೆ ಈ ಮಾತಿನ ನೋವನ್ನು ವಿವರಿಸಬೇಕಾಗಿಲ್ಲ.

ಒಬ್ಬ ಪ್ರಭುವಿನ ನೆರಳನ್ನು ಮಾತ್ರ ನಂಬಿದ ವಿದ್ಯೆ ಅವನ ತಪ್ಪಿಗೆ ತಾನೂ ದಂಡ ತೆರುತ್ತದೆ. ಕೆಲವೇ ಮನೆಗಳಲ್ಲಿ ಬಚ್ಚಿಟ್ಟ ವಿದ್ಯೆ ಆ ಮನೆಗಳೊಡನೆಯೇ ಆರುತ್ತದೆ. 1973ರಲ್ಲಿ ಸ್ಕೈ ದ್ವೀಪದ ದಕ್ಷಿಣ ಭಾಗದಲ್ಲಿ, ಹಿಂದೆ ಮ್ಯಾಕ್‌ಡೊನಾಲ್ಡರದಾಗಿದ್ದ ನೆಲದಲ್ಲಿಯೇ, ಹಳೆಯ ಹೊಲಮನೆಯ ಕಟ್ಟಡವೊಂದರಲ್ಲಿ ಗೇಲಿಕ್ ವಿದ್ಯಾಲಯವೊಂದು ತೆರೆಯಿತು. ‘ಓಸ್ಟಗಿನ ದೊಡ್ಡ ಕಣಜ’ವೆಂಬುದೇ ಅದರ ಹೆಸರು. ಅದಿಂದು ಒಂದು ವಿಶ್ವವಿದ್ಯಾಲಯದ ಅಂಗವಾಗಿದೆ. ಅಲ್ಲಿ ಗೇಲಿಕ್ಕನ್ನು ಕಲಿಯಲು ಯಾರೂ ಕವಿವಂಶದಲ್ಲಿ ಹುಟ್ಟಿರಬೇಕಾಗಿಲ್ಲ. ಅಧ್ಯಾಪಕರಲ್ಲಿಯೂ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನ ವಿನಂತಿಯಿಷ್ಟೆ: ವಿದ್ಯೆಗೆ ಕೊಡುವ ಕೈಗಳು ಹಲವಾಗಲಿ, ಕಲಿಯುವ ಬಾಗಿಲು ಎಲ್ಲರಿಗೂ ತೆರೆದಿರಲಿ. ಅರಮನೆಯಲ್ಲಿ ಅಳಿದುದು ಕಣಜದಲ್ಲಿ ಮೊಳೆಯಿತು. ಕಣಜದ ಕಾಳಿಗೆ ಒಬ್ಬನೇ ಒಡೆಯನಿಲ್ಲ. ಅದನ್ನು ಬಿತ್ತುವ ಹೊಲಗಳೂ ಹಲವು.