ಅನ್ನ ತಿನ್ನೋ ಊರು ತಾನೇ, ನಿನಗೇನು ಕಷ್ಟ?

ಮೂರನೇ ಸೆಮ್ ಎಕ್ಸಾಮ್ ಮುಗಿದ ಮೇಲೆ ಜನವರಿಯಲ್ಲಿ ಮನೆಯವರೆಲ್ಲ ಸೇರಿ ಶ್ರೀಲಂಕಾಗೆ ಹೋಗಿದ್ವಿ. ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಗ ಮತ್ತು ನಾನು. ಬೆಂಗಳೂರಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ ಅಷ್ಟೇ. ಕೆಲವು ಸಂಜೆ ಸಿಲ್ಕ್ ಬೋರ್ಡ್ ದಾಟೋಕೆ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತೆ. ಹೋಗೋ ಮುಂಚೆ ಕ್ಲಾಸಲ್ಲಿ ಹೇಳಿದಾಗ ಎಲ್ಲರದ್ದೂ ಒಂದೇ ಮಾತು: "ಸೂಪರ್ ಕಣೇ, ಅನ್ನ ತಿನ್ನೋ ಊರು ತಾನೇ, ನಿನಗೇನು ಕಷ್ಟ?"

ಈ ಮಾತಿನ ಬಗ್ಗೆಯೇ ಬರೀಬೇಕು ಅಂತ ಕೂತಿದ್ದೀನಿ. ಇದನ್ನು ಹೇಳೋರೆಲ್ಲ ಒಳ್ಳೆಯವರು, ಪ್ರೀತಿಯಿಂದಲೇ ಹೇಳ್ತಾರೆ. ಆದರೆ ಆ ಟ್ರಿಪ್‌ನಲ್ಲಿ ನನ್ನನ್ನು ಮಲಗಿಸಿದ್ದು ಇದೇ ಮಾತು.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ನನಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಬಾರ್ಲಿ, ರೈ ಈ ಮೂರರಲ್ಲಿರುವ ಗ್ಲುಟನ್ ಅನ್ನೋ ಪ್ರೋಟೀನ್ ಹೊಟ್ಟೆಗೆ ಹೋದರೆ ನನ್ನ ದೇಹದ ರಕ್ಷಣಾ ವ್ಯವಸ್ಥೆ ನನ್ನ ಸಣ್ಣ ಕರುಳನ್ನೇ ಶತ್ರು ಅಂದುಕೊಂಡು ಹೊಡೆಯುತ್ತೆ. ಇದು ಅಲರ್ಜಿ ಅಲ್ಲ, ಡಯಟ್ಟೂ ಅಲ್ಲ. ಔಷಧಿ ಇಲ್ಲ, ಜೀವನಪೂರ್ತಿ ಗ್ಲುಟನ್ ಬಿಡೋದೊಂದೇ ದಾರಿ. ನಾವು ಎಂಜಿನಿಯರ್‌ಗಳು, ನಂಬರ್ ಬೇಕಲ್ವಾ: ಒಂದು ಪದಾರ್ಥವನ್ನು ಗ್ಲುಟನ್-ಫ್ರೀ ಅಂತ ಮಾರಬೇಕಾದ್ರೆ ಒಂದು ಕೆಜಿಯಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇರಬಾರದು. ಅಂದರೆ 20 ಪಿಪಿಎಂ. ನಮ್ಮ ಎಫ್‌ಎಸ್‌ಎಸ್‌ಎಐ ನಿಯಮವೂ ಅದೇ. ಚಪಾತಿ ಬೇಯಿಸಿದ ತವಾನ ಒರೆಸದೆ ಅದರ ಮೇಲೆ ಅಕ್ಕಿ ರೊಟ್ಟಿ ಹಾಕಿದರೆ ಆ ರೊಟ್ಟಿ ನನಗಲ್ಲ. "ಬಿಸಿಗೆ ಸತ್ತು ಹೋಗಲ್ವಾ?" ಅಂತ ಕೇಳ್ತಾರೆ. ಇದು ಬ್ಯಾಕ್ಟೀರಿಯಾ ಅಲ್ಲ ಮಾರಾಯ್ರೇ, ಸಾಯೋದಕ್ಕೆ.

ಶ್ರೀಲಂಕಾಗೆ ವಾಪಸ್ ಬರ್ತೀನಿ. ಮೊದಲ ದಿನ ನನಗೆ ನಿಜವಾಗಲೂ ಹಬ್ಬ. ಮಧ್ಯಾಹ್ನ ಕೆಂಪಕ್ಕಿ ಅನ್ನ, ತೆಂಗಿನಹಾಲಲ್ಲಿ ಬೆಂದ ಬೇಳೆ, ಎಳೇ ಹಲಸಿನಕಾಯಿ ಪಲ್ಯದ ಥರದ್ದು (ಅವರು ಪೊಲೊಸ್ ಅಂತಾರೆ), ಒಂದೆಲಗದ ಸೊಪ್ಪಿಗೆ ತೆಂಗಿನತುರಿ ಕಲಸಿದ ಸಂಬೋಲ. ಅಮ್ಮ ಒಂದೊಂದನ್ನೂ ನೋಡಿ "ಇದು ನಮ್ಮನೇದೇ ಅಲ್ವಾ" ಅಂತಿದ್ರು. ಹೌದು, ತುಂಬಾ ನಮ್ಮನೇದೇ. ಅವರ ಪಿಟ್ಟು ನಮ್ಮ ಪುಟ್ಟು. ಅವರ ಇಂದಿಆಪ್ಪ ನಮ್ಮ ಒತ್ತು ಶಾವಿಗೆ. ರಾಗಿಗೆ ಅವರು ಕುರಕ್ಕನ್ ಅಂತಾರೆ. ನನಗೆ ಭದ್ರ ಅನ್ನಿಸಿಬಿಡ್ತು. ಹೆಸರು ಪರಿಚಯದ್ದಾದರೆ ಒಳಗಿರೋದೂ ಪರಿಚಯದ್ದೇ ಅಂದುಕೊಂಡೆ. ಮೂರ್ಖತನ.

ಮೂರನೇ ದಿನ ದಕ್ಷಿಣದ ಮಿರಿಸ್ಸ ಅನ್ನೋ ಬೀಚ್ ಊರಲ್ಲಿದ್ವಿ. ಬೆಳಗ್ಗೆ ತಿಂಡಿಗೆ ಒಂದು ಚಿಕ್ಕ ಹೋಟೆಲ್‌ಗೆ ಹೋದ್ವಿ. ಬೆಳ್ಳಗೆ, ಮೆತ್ತಗೆ, ತಟ್ಟೆ ತುಂಬ ಒತ್ತು ಶಾವಿಗೆ. ಇದು ಯಾವ ಹಿಟ್ಟು ಅಂತ ಕೇಳೋಕೆ ಬಾಯಿ ತೆರೆದೆ. ಅಪ್ಪ ಮೆಲ್ಲಗೆ, "ಶಾವಿಗೆ ಕಣಮ್ಮ, ಅಕ್ಕಿಯದೇ. ಎಷ್ಟು ಅಂತ ಕೇಳ್ತೀಯ, ಪಾಪ ಅವರಿಗೂ ಬೇಜಾರಾಗುತ್ತೆ" ಅಂದ್ರು. ಬಾಯಿ ಮುಚ್ಚಿಕೊಂಡು ಎಂಟು ತಿಂದೆ.

ಶ್ರೀಲಂಕಾದಲ್ಲಿ ಬಿಳಿ ಇಂದಿಆಪ್ಪವನ್ನು ಎಷ್ಟೋ ಕಡೆ ಗೋಧಿ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ, ಜರಡಿ ಹಿಡಿದು, ಅದರಲ್ಲೇ ಒತ್ತುತ್ತಾರೆ. ಇದು ನನಗೆ ಗೊತ್ತಾಗಿದ್ದು ಅದೇ ದಿನ ಸಂಜೆ, ಗೆಸ್ಟ್‌ಹೌಸಿನ ಬಾತ್‌ರೂಮಿಗೆ ಆರನೇ ಸಲ ಹೋಗಿ ಬಂದ ಮೇಲೆ. ಮಾರನೇ ದಿನ ಬೆಳಗಿನ ಜಾವ ತಿಮಿಂಗಿಲ ನೋಡೋಕೆ ದೋಣಿ ಬುಕ್ ಆಗಿತ್ತು. ಎಲ್ಲರೂ ಹೋದ್ರು. ನಾನು ಮತ್ತೆ ಅಮ್ಮ ರೂಮಲ್ಲಿ. ಚಿಕ್ಕಪ್ಪನ ಮಗ ವೀಡಿಯೊ ಕಳಿಸಿದ, ನೀಲಿ ನೀರಲ್ಲಿ ಒಂದು ದೊಡ್ಡ ಬಾಲ. ಅದಕ್ಕೆ ಥಂಬ್ಸ್ ಅಪ್ ಒತ್ತೋಕೂ ಮನಸ್ಸಾಗಲಿಲ್ಲ. ಹೊಟ್ಟೆ ಎರಡು ದಿನದಲ್ಲಿ ಸರಿಹೋಯ್ತು. ತಲೆಯೊಳಗಿನ ಮಂಕು ಹೋಗೋಕೆ ವಾರ ಬೇಕಾಯ್ತು. ಕರುಳಿಗೆ ಎಷ್ಟು ಪೆಟ್ಟಾಯ್ತು ಅನ್ನೋದು ಹೊರಗೆ ಕಾಣಲ್ಲ.

ಒಂದು ವಿಷಯ ನನಗೆ ವಿಚಿತ್ರ ಅನ್ನಿಸ್ತು. ಶ್ರೀಲಂಕಾದಲ್ಲಿ ಗೋಧಿ ಬೆಳೆಯೋದೇ ಇಲ್ಲ, ಆ ಹವೆಗೆ ಬರಲ್ಲ. ಇರೋ ಗೋಧಿಯೆಲ್ಲ ಹಡಗಲ್ಲಿ ಬಂದಿದ್ದು. ಬ್ರೆಡ್ಡಿಗೆ ಅವರು ಪಾನ್ ಅಂತಾರೆ, ಅದು ಪೋರ್ಚುಗೀಸರ ಮಾತು. ಆಮೇಲೆ ಅಮೆರಿಕದ ಪಿಎಲ್ 480 ಯೋಜನೆಯಲ್ಲಿ ಗೋಧಿ ಹಿಟ್ಟು ನೆರವಾಗಿ ಬಂತು, ಅದೇ ಯೋಜನೆಯ ಗೋಧಿ ನಮ್ಮ ದೇಶಕ್ಕೂ ಬಂದಿತ್ತು. 1980ರಲ್ಲಿ ತ್ರಿಂಕೋಮಲಿ ಬಂದರಲ್ಲಿ ದೊಡ್ಡ ಹಿಟ್ಟಿನ ಗಿರಣಿಯೇ ಶುರುವಾಯ್ತು. ಹೀಗೆ ಬಂದ ಹಿಟ್ಟು ಬ್ರೆಡ್ಡಿಗೆ ಮಾತ್ರ ನಿಲ್ಲದೆ ಅಕ್ಕಿಯ ತಿಂಡಿಗಳ ಒಳಗೂ ಹೊಕ್ಕಿದೆ. ಪಿಟ್ಟುವಿಗೆ ಸ್ವಲ್ಪ, ಆಪ್ಪದ ಹಿಟ್ಟಿಗೆ ಕೆಲವರು ಸ್ವಲ್ಪ. ಕುರಕ್ಕನ್ ರೊಟ್ಟಿ ಅಂದಾಗ ನನಗೆ ಅಜ್ಜಿ ಮನೆ ರಾಗಿ ರೊಟ್ಟಿ ನೆನಪಾಗಿ ಕಣ್ಣಲ್ಲಿ ನೀರೇ ಬಂತು. ಕೇಳಿದರೆ ಅದರಲ್ಲೂ ಅರ್ಧ ಗೋಧಿ! ಮುರಿಯದೆ ಬರಲಿ ಅಂತ ಹಾಕ್ತಾರಂತೆ. ಅಂಟು ಬರೋದೇ ಗ್ಲುಟನ್‌ನಿಂದ, ಹಾಗಾಗಿ ಅವರ ಲೆಕ್ಕ ಸರಿಯೇ.

ಹಾಗಾಗಿ "ಅನ್ನ ತಿನ್ನೋ ಊರು" ಅನ್ನೋದು ನನಗೆ ಉತ್ತರ ಅಲ್ಲ. ಫ್ರೈಡ್ ರೈಸ್ ಅನ್ನವೇ, ಆದರೆ ಸೋಯಾ ಸಾಸನ್ನು ಸಾಮಾನ್ಯವಾಗಿ ಸೋಯಾ ಜೊತೆ ಗೋಧಿ ಹಾಕಿ ಹುದುಗಿಸ್ತಾರೆ. ಅಲ್ಲಿ ಡೆವಿಲ್ಡ್ ಅಂತ ಮೆನುವಿನಲ್ಲಿದ್ದರೆ ಅದರಲ್ಲೂ ಸಾಸ್ ಇರುತ್ತೆ ಅಂದುಕೊಳ್ಳೋದೇ ಕ್ಷೇಮ. ಕಟ್ಲೆಟ್‌ಗೆ ಬ್ರೆಡ್ ಪುಡಿ ಹಚ್ತಾರೆ, ಆಮೇಲೆ ಅದೇ ಎಣ್ಣೆಯಲ್ಲಿ ಹಪ್ಪಳ ಕರೀತಾರೆ. ಕೊತ್ತು ರೊಟ್ಟಿ ಗೊತ್ತಲ್ಲ, ಸಂಜೆಯಾದರೆ ರಸ್ತೆ ತುಂಬ ಟಕಟಕ ಟಕಟಕ ಅಂತ ಎರಡು ತಗಡಿನ ಬ್ಲೇಡಲ್ಲಿ ಮೈದಾ ರೊಟ್ಟಿ ಕೊಚ್ಚೋದು. ಆ ಸದ್ದು ಎಷ್ಟು ಚೆನ್ನಾಗಿದೆ ಅಂದ್ರೆ ಈಗಲೂ ಕಿವಿಯಲ್ಲಿದೆ. ಆದರೆ ಆ ಕಾವಲಿ ಮೇಲೆ ಬೆಂದ ಮೊಟ್ಟೆಯನ್ನೂ ನಾನು ತಿನ್ನೋ ಹಾಗಿಲ್ಲ.

ಇಷ್ಟಕ್ಕೂ ಶ್ರೀಲಂಕಾದವರನ್ನು ದೂರೋಕೆ ನಮಗೆ ಮುಖ ಇಲ್ಲ. ನಮ್ಮ ಅಂಗಡಿಗಳಲ್ಲಿ ಸಿಗೋ ಇಂಗಿನ ಡಬ್ಬಿ ತಿರುಗಿಸಿ ನೋಡಿ. ಹೆಚ್ಚಿನವುಗಳಲ್ಲಿ ಗೋಧಿ ಅಥವಾ ಮೈದಾ ಇರುತ್ತೆ. ಕಾಯಿಲೆ ಗೊತ್ತಾದ ಮೇಲೂ ನಾಲ್ಕು ತಿಂಗಳು ನಾನು ಅಮ್ಮನ ಸಾರಲ್ಲೇ ಗೋಧಿ ತಿಂತಿದ್ದೆ.

ಮತ್ತೆ ಕೇಳೋದು ಹೇಗೆ? "ಈಸ್ ಇಟ್ ಗ್ಲುಟನ್-ಫ್ರೀ?" ಅಂತ ಕೇಳಿದರೆ ಬೀಚ್ ಊರಿನ ಹುಡುಗ ನಗ್ತಾ "ಯೆಸ್ ಯೆಸ್" ಅಂತಾನೆ. ಅವನದ್ದು ತಪ್ಪಲ್ಲ. ಆ ಪದ ಅವನಿಗೆ ಟೂರಿಸ್ಟ್‌ಗಳಿಂದ ಬಂದಿದ್ದು, ಮತ್ತು ಟೂರಿಸ್ಟ್‌ಗಳು ಅವನಿಗೆ ಏನು ಕಲಿಸಿದ್ದಾರೆ ಅಂತಲೂ ನೋಡಬೇಕು. ನಮ್ಮ ಪಕ್ಕದ ಟೇಬಲ್‌ನಲ್ಲೇ ಒಬ್ಬರು ಜೋರಾಗಿ "ನೋ ಗ್ಲುಟನ್ ಪ್ಲೀಸ್" ಅಂದು, ಹತ್ತು ನಿಮಿಷ ಆದ ಮೇಲೆ ಗಂಡನ ತಟ್ಟೆಯಿಂದ ಕೇಕ್ ತಿಂದರು. ಚರ್ಮಕ್ಕೆ ಒಳ್ಳೇದು, ತೂಕ ಇಳಿಯುತ್ತೆ ಅಂತ ಬಿಟ್ಟಿರಬಹುದು, ಅವರಿಷ್ಟ. ಇಂಥವರು ಇರೋದ್ರಿಂದಲೇ ಅಂಗಡಿಯಲ್ಲಿ ನನಗೆ ಬಿಸ್ಕತ್ ಸಿಗ್ತಿದೆ ಅನ್ನೋದನ್ನೂ ಒಪ್ಪಿಕೊಳ್ತೀನಿ. ಆದರೆ ಆ ಕೇಕ್ ನೋಡಿದ ವೇಟರ್ ಮುಂದೆ ನಾನು ಹೋಗಿ ಅದೇ ಪದ ಹೇಳಿದರೆ ಅವನು ಯಾಕೆ ಸೀರಿಯಸ್ ಆಗಿ ತಗೋಬೇಕು?

ನನಗೆ ದಾರಿ ತೋರಿಸಿದ್ದು ನಾವಿದ್ದ ಗೆಸ್ಟ್‌ಹೌಸಿನ ಆಂಟಿ. ನಾನು ಫೋನಲ್ಲಿ ಸಿಂಹಳಕ್ಕೆ ಅನುವಾದ ಮಾಡಿಟ್ಟುಕೊಂಡಿದ್ದ ಉದ್ದದ ಪ್ಯಾರಾವನ್ನು ಓದಿ ಅವರು ಜೋರಾಗಿ ನಕ್ಕುಬಿಟ್ರು. ಆಮೇಲೆ ಒಂದು ರಟ್ಟಿನ ಚೂರಲ್ಲಿ ಸಿಂಹಳದಲ್ಲಿ ನಾಲ್ಕೇ ಸಾಲು ಬರೆದುಕೊಟ್ರು, ಅವರ ಮನೆ ಕೆಲಸಕ್ಕೆ ಬರೋ ಅಕ್ಕನ ಹತ್ರ ಹಿಂದೆ ತಮಿಳಲ್ಲಿ ಬರೆಸಿದ್ರು. ಗ್ಲುಟನ್ ಅನ್ನೋ ಪದವೇ ಅದರಲ್ಲಿಲ್ಲ. ಗೋಧಿ ಹಿಟ್ಟು ಬೇಡ, ಸೋಯಾ ಸಾಸ್ ಬೇಡ, ರೊಟ್ಟಿಯ ಕಾವಲಿ ಬೇಡ, ತಿಂದರೆ ಆಸ್ಪತ್ರೆ. ಅಷ್ಟೇ. ಮತ್ತೆ ಎರಡು ಪದ ಬಾಯಿಪಾಠ ಮಾಡಿಸಿದ್ರು. ಅಕ್ಕಿ ಹಿಟ್ಟಿಗೆ ಹಾಲ್ ಪಿಟಿ, ಗೋಧಿ ಹಿಟ್ಟಿಗೆ ಪಾನ್ ಪಿಟಿ. "ಹಾಲ್ ಪಿಟಿನಾ, ಪಾನ್ ಪಿಟಿನಾ ಅಂತ ಕೇಳು ದುವ" ಅಂದ್ರು. ದುವ ಅಂದ್ರೆ ಮಗಳು. ಅಪ್ಪ ಹಾಲ್ ಪಿಟಿ ಅಂದ್ರೆ ಹಾಲಿನ ಪುಡಿ ಅಂದುಕೊಂಡು, ಇದಕ್ಕೂ ಹಾಲಿಗೂ ಏನು ಸಂಬಂಧ ಅಂತ ಒಂದು ದಿನ ಪೂರ್ತಿ ತಲೆ ಕೆಡಿಸಿಕೊಂಡಿದ್ರು.

ವ್ಯತ್ಯಾಸ ಏನು ಗೊತ್ತಾ? "ಗ್ಲುಟನ್-ಫ್ರೀನಾ" ಅಂದರೆ ಎದುರಿನವರು ಹೌದು ಅಥವಾ ಇಲ್ಲ ಅನ್ನಬೇಕು, ಇಲ್ಲ ಅಂದರೆ ಗಿರಾಕಿ ಹೋಗ್ತಾರೆ. "ಯಾವ ಹಿಟ್ಟು" ಅಂದರೆ ಅಡುಗೆಯವರು ತಮ್ಮ ಅಡುಗೆ ಬಗ್ಗೆ ಮಾತಾಡ್ತಾರೆ, ಖುಷಿಯಿಂದ ಮಾತಾಡ್ತಾರೆ. ಗಾಲೆಯಲ್ಲಿ ಒಬ್ಬ ಅಜ್ಜ ಆಪ್ಪದ ಹಿಟ್ಟಿನ ಪಾತ್ರೆಯನ್ನೇ ಎತ್ತಿ ತೋರಿಸಿದ್ರು. ಅಕ್ಕಿ ಹಿಟ್ಟು, ತೆಂಗಿನಹಾಲು, ಹುದುಗಲಿ ಅಂತ ಸ್ವಲ್ಪ ಈಸ್ಟ್. ಆಪ್ಪಕ್ಕೆ ಬೇರೆಯೇ ಪುಟ್ಟ ಬಾಣಲೆ ಇರೋದ್ರಿಂದ ಕಾವಲಿಯ ತಂಟೆಯೂ ಇಲ್ಲ. ಅಂಚು ಗರಿಗರಿ, ಮಧ್ಯ ಮೆತ್ತಗೆ, ಒಳಗೊಂದು ಮೊಟ್ಟೆ ಒಡೆದು ಹಾಕಿದ್ದು. ನಾಲ್ಕು ತಿಂದೆ. ಬೆಳಗ್ಗೆ ಹೊತ್ತು ತೆಂಗಿನಹಾಲಲ್ಲಿ ಬೇಯಿಸಿ ವಜ್ರದ ಆಕಾರಕ್ಕೆ ಕತ್ತರಿಸಿದ ಕಿರಿಬತ್ ಅನ್ನೋ ಅನ್ನ ಇರುತ್ತೆ, ಸೊಪ್ಪಿನ ರಸ ಹಾಕಿದ ಗಂಜಿ ಇರುತ್ತೆ, ಎಮ್ಮೆ ಮೊಸರಿನ ಮೇಲೆ ಬೈನೆ ಮರದ ಕಾಕಂಬಿ ಸುರಿದು ಕೊಡ್ತಾರೆ. ಇವೆಲ್ಲ ಅಲ್ಲಿನ ಹಳೇ ಊಟ, ಅಗ್ಗದ ಊಟ. ಅದೇ ಒಂದು ದೊಡ್ಡ ರೆಸಾರ್ಟಿನ ಬಫೆಯಲ್ಲಿ ನನಗೋಸ್ಕರ ಗ್ಲುಟನ್-ಫ್ರೀ ಅನ್ನೋ ಬೋರ್ಡಿಟ್ಟು ಒಣಗಿದ ಬ್ರೆಡ್ ಇಟ್ಟಿದ್ರು, ಪಕ್ಕದ ಮಾಮೂಲಿ ಬ್ರೆಡ್ಡಿಗೂ ಇದಕ್ಕೂ ಸೇರಿ ಒಂದೇ ಇಕ್ಕಳ. ಬೋರ್ಡ್‌ಗಿಂತ ಅಜ್ಜನ ಪಾತ್ರೆ ನನಗೆ ನಂಬಿಕೆ.

ಈಗ ಕಷ್ಟದ ಮಾತು. ಕೇಳೋದು ಹೇಗೆ ಅಂತ ಕಲಿತೆ, ಸರಿ. ಆದರೆ ಪ್ರತಿ ಊಟಕ್ಕೂ ಒಬ್ಬಳೇ ಕೇಳಬೇಕಾದಾಗ ನಾಚಿಕೆ ಆಗುತ್ತೆ. ಆರು ಜನ ಹಸಿದು ಕೂತಿರ್ತಾರೆ, ನಾನೊಬ್ಬಳು ಎದ್ದು ಅಡುಗೆಮನೆ ಬಾಗಿಲಲ್ಲಿ ನಿಂತು ರಟ್ಟು ತೋರಿಸ್ತಾ ಇರ್ತೀನಿ. ಯಾರೂ ಏನೂ ಅನ್ನಲ್ಲ, ಆದರೂ "ಇವಳಿಂದ ಲೇಟು" ಅನ್ನೋದು ಟೇಬಲ್ ಮೇಲೆ ನೀರಿನ ಜಗ್ಗಿನ ಹಾಗೆ ಕೂತಿರುತ್ತೆ. ಆ ಶಾವಿಗೆ ದಿನ ನಾನು ಸುಮ್ಮನಾಗಿದ್ದು ಅಪ್ಪ ಹೇಳಿದ್ದಕ್ಕೆ ಮಾತ್ರ ಅಲ್ಲ. ನನಗೂ ಒಂದು ದಿನವಾದರೂ ಎಲ್ಲರ ಹಾಗೆ ತಿನ್ನಬೇಕು ಅನ್ನಿಸಿತ್ತು.

ಜೊತೆಗಿರೋರು ಕೇಳಿದರೆ ಎಲ್ಲ ಬದಲಾಗುತ್ತೆ. ತಿಮಿಂಗಿಲದ ದಿನ ಆದ ಮೇಲೆ ಅಪ್ಪ ಆ ರಟ್ಟನ್ನು ನನ್ನಿಂದ ಕಿತ್ತುಕೊಂಡು ತಮ್ಮ ಜೇಬಲ್ಲಿ ಇಟ್ಟುಕೊಂಡ್ರು. ಕ್ಷಮೆ ಗಿಮೆ ಏನೂ ಕೇಳಲಿಲ್ಲ, ನಮ್ಮ ಅಪ್ಪಂದಿರು ಕೇಳಲ್ಲ ಬಿಡಿ. ಆದರೆ ಕೊಲಂಬೊದಿಂದ ವಾಪಸ್ ಹೊರಡೋವರೆಗೂ ಪ್ರತಿ ಹೋಟೆಲ್‌ನಲ್ಲಿ ಮೊದಲು ಎದ್ದು ಹೋಗಿ "ಹಾಲ್ ಪಿಟಿ? ಪಾನ್ ಪಿಟಿ?" ಅಂತ ತಮ್ಮ ಮಂಡ್ಯ ಸಿಂಹಳದಲ್ಲಿ ವಿಚಾರಿಸಿದ್ದು ಅವರೇ. ನಾನು ಟೇಬಲ್‌ನಲ್ಲಿ ಕೂತು ಎಲ್ಲರ ಜೊತೆ ಮೆನು ನೋಡಿಕೊಂಡು ಹರಟೆ ಹೊಡೀತಿದ್ದೆ. ನಿಮಗೆ ಇದು ಚಿಕ್ಕದು ಅನ್ನಿಸಬಹುದು. ನನಗೆ ರಜೆ ಶುರುವಾಗಿದ್ದೇ ಅಲ್ಲಿಂದ.

ಮುಂದಿನ ತಿಂಗಳು ನಮ್ಮ ಬ್ಯಾಚಿನವರು ಗೋಕರ್ಣಕ್ಕೆ ಹೊರಟಿದ್ದಾರೆ. ಗ್ರೂಪ್‌ನಲ್ಲಿ ಪೋಲ್ ಹಾಕಿದ ತಕ್ಷಣ ಒಬ್ಬ ಬರೆದ, "ಕರಾವಳಿ ಕಣೇ, ಅನ್ನ ಮೀನು, ನಿನಗೇನು ಕಷ್ಟ?" ನಾನು ಈ ಲೇಖನದಷ್ಟು ಉದ್ದದ ರಿಪ್ಲೈ ಟೈಪ್ ಮಾಡಿ ಅಳಿಸಿಬಿಟ್ಟೆ. "ಫಿಶ್ ಫ್ರೈಗೆ ರವೆ ಹಚ್ತಾರೆ, ರವೆ ಗೋಧಿಯದು" ಅಂತ ಒಂದೇ ಲೈನ್ ಕಳಿಸಿದೆ. ಗ್ರೂಪ್ ಸೈಲೆಂಟ್. ರಾತ್ರಿ ಹನ್ನೊಂದಕ್ಕೆ ಅದೇ ಹುಡುಗನ ಮೆಸೇಜ್ ಬಂತು: "ಸ್ಟೇ ಅವರಿಗೆ ಫೋನ್ ಮಾಡಿದ್ದೆ. ಅಕ್ಕಿ ಹಿಟ್ಟಲ್ಲೂ ಮಾಡಿಕೊಡ್ತಾರಂತೆ. ಆದ್ರೆ ತವಾ ಒಂದೇ ಅಂತೆ, ನಮ್ಮನೆಯಿಂದ ಒಂದು ತರ್ಲಾ?"